‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಓಟು ಹಾಕಬಹುದು’ ಎಂಬ ಮೆಸೇಜು ಬಂದರೆ ಅಡ್ಮಿನ್ ಏನು ಮಾಡಬೇಕು?

ಪ್ರಶ್ನೆ: ತಿಪಟೂರು ಕಡೆಯ ಒಂದು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ನಾನು ಅಡ್ಮಿನ್. 214 ಜನ ಇದ್ದೇವೆ. ನೀರು ಬಿಡುವ ಹೊತ್ತು, ಕರೆಂಟು ಹೋಗುವ ಸುದ್ದಿ ತಿಳಿಸಲೆಂದು ಮಾಡಿಕೊಂಡ ಗುಂಪು. ಚುನಾವಣೆ ಹತ್ತಿರ ಬಂದಾಗಲೆಲ್ಲ ಅದೇ ಮೆಸೇಜುಗಳು ತಿರುಗಿ ಬರುತ್ತವೆ. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ಓಟು ಕೇಳಿ. ನಿಮ್ಮ ಓಟು ಯಾರೋ ಹಾಕಿಬಿಟ್ಟಿದ್ದರೆ ಟೆಂಡರ್ ಓಟು ಕೇಳಿ. ಟೆಂಡರ್ ಓಟು ಶೇಕಡಾ 14 ದಾಟಿದರೆ ಆ ಬೂತಿನಲ್ಲಿ ಮರುಮತದಾನ’ ಎಂಬುದೊಂದು. ‘ಓಟು ಹಾಕದವರ ಖಾತೆಯಿಂದ 350 ರೂಪಾಯಿ ಕಡಿತ’ ಎಂಬುದು ಇನ್ನೊಂದು. ‘ಆನ್‌ಲೈನಿನಲ್ಲಿ ಯಾರು ಬೇಕಾದರೂ ನಿಮ್ಮ ಹೆಸರು ತೆಗೆಸಬಹುದು, ನಮ್ಮ ಬೀದಿಯ ಹೆಸರೇ ಪಟ್ಟಿಯಲ್ಲಿಲ್ಲ’ ಎಂದು ಮೊನ್ನೆ ಮತ್ತೊಂದು ಬಂತು. ಮೊದಲನೆಯದನ್ನು ಹಾಕಿದವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಅವರ ಮಾತಿಗೆ ಎದುರಾಡುವವರಿಲ್ಲ. ಅಳಿಸಿದರೆ ಬೇಸರ ಮಾಡಿಕೊಳ್ಳುತ್ತಾರೆ, ಬಿಟ್ಟರೆ ಅಡ್ಮಿನ್ ಮೇಲೆ ಕೇಸು ಬೀಳುತ್ತದೆಂದು ಮನೆಯವರು ಹೆದರಿಸುತ್ತಿದ್ದಾರೆ. ದುಬೈನಲ್ಲಿರುವ ಮಗ ‘ಈ ಸಲ ಮೊಬೈಲಿನಲ್ಲೇ ಓಟು ಹಾಕಬಹುದಂತೆ, ಲಿಂಕ್ ಬಂದಿದೆ’ ಎನ್ನುತ್ತಾನೆ. ಇದರಲ್ಲಿ ನಿಜ ಯಾವುದು? ನಾನು ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಕೇಸಿನ ಭಯ ಮತ್ತು ಮೇಷ್ಟ್ರ ಬೇಸರದ ಬಗ್ಗೆ. ಎರಡಕ್ಕೂ ಬರುತ್ತೇನೆ. ಅದಕ್ಕಿಂತ ತುರ್ತಿನದು ಬೇರೆ ಇದೆ. ಆ ಮೊದಲ ಮೆಸೇಜನ್ನು ನಂಬಿ ಪಟ್ಟಿ ನೋಡದೆ ಕುಳಿತವರು ನಿಮ್ಮ ಬೀದಿಯಲ್ಲಿ ಎಷ್ಟು ಮಂದಿ? ಪಕ್ಷ, ಅಭ್ಯರ್ಥಿಗಳ ಬಗೆಗಿನ ಸುಳ್ಳನ್ನು ಜನ ಸ್ವಲ್ಪವಾದರೂ ಅನುಮಾನದಿಂದ ನೋಡುತ್ತಾರೆ. ಓಟು ಹಾಕುವ ಕ್ರಮದ ಬಗೆಗಿನ ಸುಳ್ಳು ಹಾಗಲ್ಲ, ಅದು ಉಪಕಾರದ ರೂಪದಲ್ಲಿ ಬರುತ್ತದೆ. ನಂಬಿದವರು ತಮಗೆ ಹಕ್ಕು ಗೊತ್ತಿದೆ ಎಂಬ ಧೈರ್ಯದಲ್ಲಿರುತ್ತಾರೆ, ಮತದಾನದ ದಿನ ಬೂತಿನ ಬಾಗಿಲಿನಿಂದ ವಾಪಸು ಬರುತ್ತಾರೆ. ಆ ಹೊತ್ತಿಗೆ ಸರಿಪಡಿಸಲು ಯಾವ ದಾರಿಯೂ ಉಳಿದಿರುವುದಿಲ್ಲ. ಆದ್ದರಿಂದ ಮೊದಲು ಆ ಮೆಸೇಜನ್ನೇ ಬಿಡಿಸಿ ನೋಡೋಣ.

‘ಸೆಕ್ಷನ್ 49ಎ’ ಎಂದಿದೆ, ಯಾವ ಕಾಯ್ದೆಯದೆಂದು ಹೇಳಿಲ್ಲ. 49ಎ ಇರುವುದು 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ, ಅದರ ವಿಷಯ ಮತಯಂತ್ರದ ವಿನ್ಯಾಸ. ಹೆಸರಿಲ್ಲದವರ ಓಟಿಗೂ ಅದಕ್ಕೂ ಸಂಬಂಧವಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಸ್ಪಷ್ಟವಾಗಿದೆ: ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಓಟು ಹಾಕುವ ಹಕ್ಕಿಲ್ಲ. ಆಧಾರ್ ಆಗಲಿ, ಕೈಯಲ್ಲಿರುವ ಎಪಿಕ್ ಕಾರ್ಡೇ (ಮತದಾರರ ಗುರುತಿನ ಚೀಟಿ) ಆಗಲಿ, ‘ಪಟ್ಟಿಯಲ್ಲಿರುವ ವ್ಯಕ್ತಿ ನಾನೇ’ ಎಂದು ತೋರಿಸುವ ಗುರುತು ಮಾತ್ರ. ಪಟ್ಟಿಯಲ್ಲಿ ಹೆಸರಿದ್ದು ಎಪಿಕ್ ಕಳೆದುಹೋಗಿದ್ದರೆ ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಇಂಥ ಯಾವುದಾದರೂ ಒಂದು ಸಾಕು. ಕಾರ್ಡು ಇದ್ದು ಹೆಸರಿಲ್ಲದಿದ್ದರೆ ಯಾವುದೂ ಸಾಲದು.

‘ಚಾಲೆಂಜ್ ಓಟು’ ಎಂಬ ಓಟೇ ಇಲ್ಲ. ಇರುವುದು ಗುರುತಿನ ಬಗ್ಗೆ ತಕರಾರು, ನಿಯಮ 49ಜೆ. ಅದನ್ನು ಎತ್ತುವವರು ಓಟು ಹಾಕಲು ಬಂದವರಲ್ಲ, ಅಭ್ಯರ್ಥಿಯ ಪರವಾಗಿ ಒಳಗೆ ಕೂತಿರುವ ಪೋಲಿಂಗ್ ಏಜೆಂಟ್. ‘ಇವರು ಆ ಹೆಸರಿನವರಲ್ಲ’ ಎನಿಸಿದರೆ ಎರಡು ರೂಪಾಯಿ ಠೇವಣಿ ಕಟ್ಟಿ ತಕರಾರು ಹೇಳಬೇಕು. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸುತ್ತಾರೆ. ತಕರಾರು ಸಾಬೀತಾಗದಿದ್ದರೆ ಬಂದವರು ಓಟು ಹಾಕುತ್ತಾರೆ, ಸಾಬೀತಾದರೆ ಪೊಲೀಸರ ಕೈಗೆ ಹೋಗುತ್ತಾರೆ. ಮೇಷ್ಟ್ರ ಮೆಸೇಜು ಓದಿ ‘ನನಗೆ ಚಾಲೆಂಜ್ ಓಟು ಕೊಡಿ’ ಎಂದು ಕೇಳುವವರು ತಮ್ಮ ಮೇಲೇ ತಕರಾರು ಹೇಳಿಕೊಂಡಂತೆ ಆಗುತ್ತದೆ.

ಟೆಂಡರ್ ಓಟು ಮಾತ್ರ ನಿಜ, ನಿಯಮ 49ಪಿ. ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಆದರೆ ನೀವು ಹೋಗುವಷ್ಟರಲ್ಲಿ ಆ ಹೆಸರಿನ ಮುಂದೆ ಯಾರೋ ಸಹಿ ಹಾಕಿ ಓಟು ಹಾಕಿದ್ದಾರೆ. ಆಗ ಸುಮ್ಮನೆ ಹಿಂದಿರುಗಬೇಡಿ. ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಉತ್ತರಿಸಿ, ಗುರುತು ಖಚಿತವಾದರೆ ಕಾಗದದ ಮತಪತ್ರ ಕೊಡುತ್ತಾರೆ. ಮತಯಂತ್ರದ ಗುಂಡಿ ಒತ್ತಲು ಬಿಡುವುದಿಲ್ಲ, ಅದು ಸರಿಯಾದ ಕ್ರಮವೇ. ನಿಮ್ಮ ಹೆಸರು 17ಬಿ ನಮೂನೆಯಲ್ಲಿ ದಾಖಲಾಗುತ್ತದೆ, ಸಹಿ ಮಾಡಿ. ಮತಪತ್ರ ಪ್ರತ್ಯೇಕ ಲಕೋಟೆಗೆ ಹೋಗುತ್ತದೆ. ಮತ ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಚುನಾವಣಾ ತಕರಾರು ಅರ್ಜಿ ಹೈಕೋರ್ಟಿಗೆ ಹೋದಾಗ ಅದು ಸಾಕ್ಷ್ಯವಾಗುತ್ತದೆ. ಎಣಿಸದ ಓಟಿನಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅಂಥ ಕಡೆ 17ಬಿಯ ಒಂದು ಸಾಲಿಗೂ ತೂಕವಿರುತ್ತದೆ. ಶೇಕಡಾ 14ರ ಲೆಕ್ಕ ಮಾತ್ರ ಯಾವ ಕಾಯ್ದೆಯಲ್ಲೂ, ಯಾವ ನಿಯಮದಲ್ಲೂ ಇಲ್ಲ.

ಒಂದು ನಿಜ, ಒಂದು ತಿರುಚಿದ ನಿಜ, ಒಂದು ಶುದ್ಧ ಸುಳ್ಳು, ಮೇಲೊಂದು ಸೆಕ್ಷನ್ ನಂಬರು. ಕಾನೂನಿನ ಮಾತೆಂದು ನಂಬಲು ಇಷ್ಟು ಸಾಕಾಗುತ್ತದೆ. ಮೇಷ್ಟ್ರು ಮೋಸ ಹೋದದ್ದರಲ್ಲಿ ಅವರ ದಡ್ಡತನವೇನಿಲ್ಲ.

350 ರೂಪಾಯಿಯದು ಬೇಗ ಮುಗಿಯುತ್ತದೆ. ಅದರ ಮೂಲ ಹಿಂದಿ ಪತ್ರಿಕೆಯೊಂದು ಹೋಳಿ ಹಬ್ಬದ ತಮಾಷೆಗೆಂದು 2019ರಲ್ಲಿ ಅಚ್ಚು ಹಾಕಿದ ತುಣುಕು. ‘ಇದು ತಮಾಷೆ’ ಎಂಬ ಸೂಚನೆ ಕತ್ತರಿಸಿಹೋಗಿ ಚಿತ್ರ ಮಾತ್ರ ಉಳಿಯಿತು, ಚುನಾವಣೆ ಬಂದಾಗ ಮತ್ತೆ ಓಡಾಡುತ್ತದೆ. ನಮ್ಮಲ್ಲಿ ಓಟು ಹಾಕದವರಿಗೆ ದಂಡವಿಲ್ಲ, ಚುನಾವಣಾ ಆಯೋಗ ಯಾರ ಬ್ಯಾಂಕ್ ಖಾತೆಗೂ ಕೈ ಹಾಕುವುದಿಲ್ಲ.

ಮೂರನೆಯ ಮೆಸೇಜನ್ನು ಮಾತ್ರ ಸುಳ್ಳೆಂದು ತಳ್ಳಿಹಾಕಬೇಡಿ. ಆನ್‌ಲೈನಿನಲ್ಲಿ ಬೇರೆಯವರ ಹೆಸರು ತೆಗೆಸುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಕೋರಿ 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಆಯೋಗವೇ ಕೊಟ್ಟ ಲೆಕ್ಕದಂತೆ ಪರಿಶೀಲನೆಯಲ್ಲಿ ಸರಿಯಿದ್ದದ್ದು 24, ತಪ್ಪಿದ್ದದ್ದು 5,994. ಆ ವರ್ಷ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅರ್ಜಿ ಹಾಕುವುದೇ ಬೇರೆ, ಹೆಸರು ಹೋಗುವುದೇ ಬೇರೆ ಎಂಬುದನ್ನು ಈ ಪ್ರಕರಣ ಚೆನ್ನಾಗಿ ತೋರಿಸುತ್ತದೆ. ಹೆಸರು ತೆಗೆಯಲು ಕೋರುವ ನಮೂನೆ 7 ಹಾಕಿದ ಕೂಡಲೇ ಹೆಸರು ಅಳಿಯುವುದಿಲ್ಲ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ನೋಡಬೇಕು, ನಿಮಗೆ ನೋಟಿಸು ಬರಬೇಕು. ಆಳಂದದಲ್ಲಿ ಆ ಹೆಸರುಗಳನ್ನು ಉಳಿಸಿದ್ದು ಈ ಪರಿಶೀಲನೆ. ಅದು ನೆಪಕ್ಕೆ ನಡೆದ ಕಡೆ ಹೆಸರು ಹೋಗುವ ಅಪಾಯ ಇದ್ದೇ ಇದೆ. 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ಅರ್ಜಿಗೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಮೂಲಕ ಇ-ಸಹಿ ಬೇಕಾಗಿದೆ. ಬೇರೆಯವರ ನಂಬರು ಬಳಸಿ ಅರ್ಜಿ ತುಂಬುವುದು ಈಗ ಮೊದಲಿನಷ್ಟು ಸುಲಭವಲ್ಲ.

ಆದರೂ ‘ಇಡೀ ಬೀದಿಯೇ ಇಲ್ಲ’ ಎಂಬ ಕೂಗಿಗೆ ಬಹುತೇಕ ಸಲ ಕಾರಣ ಬೇರೆ ಇರುತ್ತದೆ. 2025ರಲ್ಲಿ ಆಯೋಗ ಒಂದು ಮತಗಟ್ಟೆಗೆ ಗರಿಷ್ಠ 1,200 ಮತದಾರರು ಎಂದು ಮಿತಿ ತಂದಿತು. ಪಟ್ಟಿಯಲ್ಲಿ ಒಂದೊಂದು ಮತಗಟ್ಟೆಗೆ ಸೇರಿದ್ದನ್ನು ‘ಭಾಗ’ ಎನ್ನುತ್ತಾರೆ. ಮಿತಿ ಮೀರಿದ ಭಾಗವನ್ನು ಒಡೆದಾಗ ಕೆಲವು ಬೀದಿಗಳು ಪಕ್ಕದ ಭಾಗಕ್ಕೆ ಹೋಗುತ್ತವೆ. ಹಳೆಯ ಭಾಗ ಸಂಖ್ಯೆಯ ಪಟ್ಟಿ ತೆರೆದವರಿಗೆ ಬೀದಿಗೆ ಬೀದಿಯೇ ಮಾಯವಾದಂತೆ ಕಾಣುತ್ತದೆ. ಒಂದೊಂದೇ ಹೆಸರು ಹೋಗುವುದಕ್ಕೆ ಕಾರಣಗಳು ಇನ್ನೂ ಸಾದಾ. ಬಿಎಲ್‌ಒ ಬಂದಾಗ ಮನೆಗೆ ಬೀಗ, ಪಕ್ಕದವರು ‘ಅವರು ಬೆಂಗಳೂರಿಗೆ ಹೋದರು’ ಎಂದಿರುತ್ತಾರೆ. ಬಾಡಿಗೆ ಮನೆ ಬದಲಾಗಿರುತ್ತದೆ. ಒಂದೇ ಇನಿಷಿಯಲ್, ಒಂದೇ ಹೆಸರಿನ ಇಬ್ಬರಲ್ಲಿ ತೀರಿಕೊಂಡವರ ಬದಲು ಬದುಕಿರುವವರ ಹೆಸರು ಹೊಡೆದಿರುತ್ತಾರೆ. ಮದುವೆಯಾಗಿ ಬಂದ ಸೊಸೆ ವಿಳಾಸ ಬದಲಿಸುವ ನಮೂನೆ 8ರ ಬದಲು ಹೊಸಬರ ನಮೂನೆ 6 ತುಂಬಿರುತ್ತಾಳೆ. ಆಗ ಎರಡು ಕಡೆ ಹೆಸರು ಬರುತ್ತದೆ, ನಕಲು ತೆಗೆಯುವಾಗ ಉಳಿಯಬೇಕಾದದ್ದೇ ಹೋಗುತ್ತದೆ. ಈ ಕೊನೆಯ ತಪ್ಪು ಬಹಳ ಸಾಮಾನ್ಯ.

ಹುಡುಕುವುದು ಹೀಗೆ. ಆಯೋಗದ ಮತದಾರರ ಜಾಲತಾಣ, ಅಂದರೆ ವೋಟರ್ಸ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್, ತೆರೆದು ಎಪಿಕ್ ಸಂಖ್ಯೆ ಹಾಕಿ. ಮೂರು ಅಕ್ಷರ, ಏಳು ಅಂಕಿ, ಒಟ್ಟು ಹತ್ತು. ಓರೆಗೆರೆಗಳಿರುವ ಉದ್ದ ಸಂಖ್ಯೆಯ ಹಳೆಯ ಕಾರ್ಡಾದರೆ ಆ ಸಂಖ್ಯೆ ಈಗ ಸಿಗದಿರಬಹುದು. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಹಾಕಿ ಹುಡುಕಿ. ಹೆಸರಿನಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಬೇಡಿ. ಶಕಾರ ಷಕಾರ, ಇನಿಷಿಯಲ್ ಮುಂದೆ ಹಿಂದೆ, ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಹುಡುಕಾಟ ತಪ್ಪುತ್ತದೆ. ಸಿಕ್ಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ಹೆಸರು ಮೂರನ್ನೂ ಬರೆದಿಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದವರು ಮತದಾರರ ಸಹಾಯವಾಣಿ 1950ಕ್ಕೆ ಫೋನು ಮಾಡಬಹುದು, ಅಥವಾ ಬಿಎಲ್‌ಒ ಬಳಿಯ ಪಟ್ಟಿ ನೋಡಬಹುದು. ಗ್ರಾಮ ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅವುಗಳ ವಾರ್ಡುವಾರು ಪಟ್ಟಿ ಬೇರೆಯೇ ಇರುತ್ತದೆ. ಅಲ್ಲಿಯದನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.

ಹೆಸರು ನಿಜವಾಗಿಯೂ ಹೋಗಿದ್ದರೆ ಹೊಸದಾಗಿ ನಮೂನೆ 6 ಹಾಕಬೇಕು. ಹೆಸರಿದ್ದು ವಿಳಾಸ ಬದಲಾಗಿದ್ದರೆ, ಅಕ್ಷರ ತಪ್ಪಿದ್ದರೆ, ಕಾರ್ಡು ಬದಲಿಸಬೇಕಿದ್ದರೆ ನಮೂನೆ 8. ಅರ್ಜಿ ಕೊಟ್ಟಾಗ ಬರುವ ಉಲ್ಲೇಖ ಸಂಖ್ಯೆಯನ್ನು ಫೋಟೋ ತೆಗೆದಿಡಿ, ಕಾಗದದಲ್ಲಿ ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ. ಕಾಲಮಿತಿ ನೆನಪಿರಲಿ: ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಆ ಚುನಾವಣೆಗೆ ಪಟ್ಟಿ ತಿದ್ದುವಂತಿಲ್ಲ. ಅರ್ಜಿಯ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಆ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯೇ ಅರ್ಜಿ ಒಳಗಿರಬೇಕು. ಮತದಾನಕ್ಕೆ ಹತ್ತು ದಿನ ಎಂದು ತಪ್ಪು ತಿಳಿದು ಕೆಡಿಸಿಕೊಳ್ಳುವವರು ಬಹಳ. ಮತದಾರರ ನೋಂದಣಾಧಿಕಾರಿ ಅರ್ಜಿ ತಿರಸ್ಕರಿಸಿದರೆ ಲಿಖಿತ ಹಿಂಬರಹ ಕೇಳಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಕಾರಣ ಕೇಳುವುದು ನಿಮ್ಮ ಹಕ್ಕು. ಬಿಹಾರದಲ್ಲಿ 2025ರ ಮತದಾರರ ಪಟ್ಟಿ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಆ ಹೆಸರುಗಳನ್ನು ಕಾರಣದ ಸಮೇತ ಹುಡುಕಲು ಬರುವಂತೆ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಆದೇಶಿಸಿತ್ತು.

ನಿಮ್ಮ ಮಗನಿಗೆ ಬಂದ ಲಿಂಕನ್ನು ಒತ್ತಬೇಡ ಎನ್ನಿ. ಹೊರದೇಶದಲ್ಲಿರುವ ಭಾರತೀಯ ಪ್ರಜೆ, ಬೇರೆ ದೇಶದ ಪೌರತ್ವ ಪಡೆದಿಲ್ಲದಿದ್ದರೆ, ನಮೂನೆ 6ಎ ಮೂಲಕ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಓಟು ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಅವರಿಗೆ ಆನ್‌ಲೈನ್ ಮತದಾನ ಇಲ್ಲ, ಅಂಚೆ ಮತವೂ ಇಲ್ಲ. ಅಂಥ ಲಿಂಕುಗಳು ಕೇಳುವ ಹೆಸರು, ಜನ್ಮದಿನಾಂಕ, ಎಪಿಕ್ ಸಂಖ್ಯೆ, ಫೋನ್ ನಂಬರು ಒಟ್ಟಿಗೆ ಸಿಕ್ಕರೆ ಅದು ಮಾರಾಟಕ್ಕೆ ಬರುವ ಸರಕು. ಬೆಂಗಳೂರಿನಲ್ಲಿ 2022ರಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ಮತದಾರರ ಮಾಹಿತಿ ಸಂಗ್ರಹಿಸಿದ್ದು ದೊಡ್ಡ ಪ್ರಕರಣವಾಯಿತು. ಬಾಗಿಲಿಗೆ ಬಂದವರ ಹೆಸರನ್ನು ಆಯೋಗದ ತಾಣದಲ್ಲಿ ಕಾಣುವ ಬಿಎಲ್‌ಒ ಹೆಸರಿನ ಜೊತೆ ತಾಳೆ ನೋಡುವುದು ಅತಿಯಾದ ಅನುಮಾನವಲ್ಲ.

ಇನ್ನು ಗುಂಪಿನ ವಿಷಯ. ಮೆಸೇಜಿನ ಮೇಲೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಸೂಚನೆ ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬರುತ್ತದೆ. ಮಿತಿಗಳು ಸುಮ್ಮನೆ ಬಂದದ್ದಲ್ಲ. 2012ರ ಆಗಸ್ಟಿನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ 15 ದಿನ ತಡೆ ಹಾಕಿತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ಹೈದರಾಬಾದಿನ ಯುವಕನೊಬ್ಬನ ಜೀವ ತೆಗೆಯಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಐದು ಚಾಟಿಗೆ ಇಳಿಸಿತು. ಆದರೆ ಈ ಬಾಣದ ಗುರುತನ್ನು ಪೂರ್ತಿ ನೆಚ್ಚಬೇಡಿ. ಯಾರಾದರೂ ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮೇಷ್ಟ್ರು ತಾವೇ ಬರೆದ ಹಾಗೆ ಕಾಣುತ್ತದೆ. ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಒಳಗೇನಿದೆ ಎಂದು ಕಂಪನಿಗೂ ಕಾಣುವುದಿಲ್ಲ. ನೋಡಿ ತಡೆಯಬಲ್ಲವರು ಗುಂಪಿನೊಳಗಿನವರು ಮಾತ್ರ.

ಕೇಸಿನ ಭಯಕ್ಕೆ ಉತ್ತರ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ಅಡ್ಮಿನ್ ಜೊತೆಗೂಡಿ ಸಂಚು ಮಾಡಿದ್ದರೆ, ತಾನೇ ಮುಂದಕ್ಕೆ ಕಳಿಸಿದ್ದರೆ ಮಾತು ಬೇರೆ. ಜನರನ್ನು ಎತ್ತಿಕಟ್ಟುವ ಸುಳ್ಳಿಗೆ ಭಾರತೀಯ ನ್ಯಾಯ ಸಂಹಿತೆಯ 353, 196ನೇ ಸೆಕ್ಷನ್‌ಗಳಿವೆ, ಅಭ್ಯರ್ಥಿಯ ಖಾಸಗಿ ನಡತೆಯ ಬಗ್ಗೆ ಸುಳ್ಳು ಹೇಳಿಕೆಗೆ 175 ಇದೆ. ಅವು ಬರೆದವರಿಗೂ ಹರಡಿದವರಿಗೂ ತಾಗುವಂಥವು. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದ ಹಾಕಿದ ಟೆಂಡರ್ ಓಟಿನ ಮೆಸೇಜು ಆ ಸಾಲಿಗೆ ಸೇರುವುದಿಲ್ಲ. ಜಾತಿ, ಧರ್ಮದ ಮೇಲೆ ದ್ವೇಷ ಕಾರುವುದು ಬಂದರೆ ಮಾತ್ರ ಸಂಕೋಚ ಬೇಡ: ನಂಬರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ನಂತರ ಅಳಿಸಿ, ಠಾಣೆಗೆ ತಿಳಿಸಿ. ಆಯೋಗದ ಸಿವಿಜಿಲ್ ಆ್ಯಪ್‌ನಲ್ಲಿ ದೂರು ಕೊಡಲು ಹೋಗಿ ಸೋಲಬೇಡಿ. ಅದು ನೀತಿಸಂಹಿತೆ ಇರುವಾಗ ಸ್ಥಳದಲ್ಲೇ ತೆಗೆದ ಫೋಟೋ, ವಿಡಿಯೋಗೆ, ಗ್ಯಾಲರಿಯಲ್ಲಿರುವ ಸ್ಕ್ರೀನ್‌ಶಾಟನ್ನು ತೆಗೆದುಕೊಳ್ಳುವುದಿಲ್ಲ. 1930 ಇರುವುದು ಹಣದ ಸೈಬರ್ ವಂಚನೆಗೆ. ಚುನಾವಣಾ ಸುಳ್ಳಿಗೆ ಜಿಲ್ಲಾ ಚುನಾವಣಾಧಿಕಾರಿ ಕಚೇರಿ ಅಥವಾ 1950.

ಅಡ್ಮಿನ್ ಆಗಿ ನಿಮಗೆ ಇರುವ ದಾರಿಗಳಲ್ಲಿ ಯಾವುದೂ ಖರ್ಚಿಲ್ಲದ್ದಲ್ಲ. ಸದ್ದಿಲ್ಲದೆ ಅಳಿಸಿದರೆ ಆಗಲೇ ಓದಿದವರ ತಲೆಯಲ್ಲಿ ಸುಳ್ಳು ಹಾಗೇ ಉಳಿಯುತ್ತದೆ, ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಅನುಮಾನವೂ ಸೇರುತ್ತದೆ. ಗುಂಪಿನಲ್ಲೇ ಮೇಷ್ಟ್ರ ಹೆಸರು ಹಿಡಿದು ತಿದ್ದಿದರೆ ವಾದ ಮರ್ಯಾದೆಯ ಮೇಲೆ ಹೋಗುತ್ತದೆ, ಟೆಂಡರ್ ಓಟು ಮರೆತೇಹೋಗುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬೀಗ ಹಾಕುವುದು ಮತದಾನಕ್ಕೆ ಮುಂಚಿನ 48 ಗಂಟೆಗೆ ಒಳ್ಳೆಯದು, ಆಗ ತಿದ್ದಲು ಸಮಯವಿರುವುದಿಲ್ಲ. ತಿಂಗಳುಗಟ್ಟಲೆ ಹಾಕಿದರೆ ಮಾತು ಬೇರೆ ಗುಂಪಿಗೆ ಹೋಗುತ್ತದೆ, ಅಲ್ಲಿ ನೀವಿರುವುದಿಲ್ಲ.

ನನ್ನ ಸಲಹೆ, ಮೊದಲು ಮೇಷ್ಟ್ರ ಮನೆಗೇ ಹೋಗಿ, ಮೆಸೇಜಿನಲ್ಲಲ್ಲ. 49ಎ ನಿಯಮವನ್ನು ಮೊಬೈಲಿನಲ್ಲಿ ತೆರೆದು ಅವರ ಕೈಗೇ ಕೊಡಿ, ಓದಲಿ. ಜೀವನಪೂರ್ತಿ ಉತ್ತರಪತ್ರಿಕೆ ತಿದ್ದಿದವರು ತಪ್ಪು ಕಂಡರೆ ತಾವೇ ತಿದ್ದುತ್ತಾರೆ. ಅವರ ನಂಬರಿನಿಂದಲೇ ಇಷ್ಟು ಬರಲಿ: ‘ಹಿಂದೆ ಹಾಕಿದ್ದ ಚಾಲೆಂಜ್ ಓಟಿನ ವಿಷಯ ಸರಿಯಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಓಟು. ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಪಟ್ಟಿ ನೋಡೋಣ, ಎಪಿಕ್ ಕಾರ್ಡ್ ತನ್ನಿ.’ ಹಳೆಯದಕ್ಕೆ ರಿಪ್ಲೈ ಆಗಿ ಹಾಕಿದರೆ ಸುಳ್ಳು ಮತ್ತೆ ಮೇಲೆ ಕಾಣುತ್ತದೆ. ಹಳೆಯದನ್ನು ಅಳಿಸಿ, ಇದನ್ನು ಹೊಸದಾಗಿ ಹಾಕಿ ಪಿನ್ ಮಾಡಿ.

ಭಾನುವಾರಕ್ಕೆ ಬೇಕಾದ್ದು ಹೆಚ್ಚಿಲ್ಲ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಿಮ್ಮ ಕ್ಷೇತ್ರ, ಭಾಗ ಆರಿಸಿದರೆ ಕನ್ನಡದ ಪಟ್ಟಿ ಪಿಡಿಎಫ್ ಆಗಿ ಇಳಿಯುತ್ತದೆ. ಪುಟಕ್ಕೆ 30 ಹೆಸರು, 1,200 ಮತದಾರರ ಭಾಗವಾದರೆ ಸುಮಾರು 40 ಪುಟ. ಪಕ್ಕದ ಭಾಗದ್ದನ್ನೂ ಇಳಿಸಿಕೊಳ್ಳಿ, ಬೀದಿ ಅತ್ತ ಸರಿದಿರಬಹುದು. ಕೊನೆಯಲ್ಲಿರುವ ಪೂರಕ ಪಟ್ಟಿ ಬಿಡಬೇಡಿ, ಹೊಸ ಸೇರ್ಪಡೆ ಮತ್ತು ತೆಗೆದ ಹೆಸರುಗಳು ಇರುವುದು ಅಲ್ಲೇ. ಮನೆ ನಂಬರಿನ ಪ್ರಕಾರ ಮೇಷ್ಟ್ರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಇದ್ದವರಿಗೆ ಟಿಕ್ ಹಾಕಲಿ, ಹೆಸರು ಸಿಗದವರನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ನಮೂನೆ 6 ಅಥವಾ 8 ಎಂದು ಗುರುತು ಮಾಡಲಿ. ಆ ಹಾಳೆಯ ಒಂದು ಪ್ರತಿ ಬಿಎಲ್‌ಒ ಕೈಗೆ ಹೋಗಲಿ, ಒಂದು ಮೇಷ್ಟ್ರ ಬಳಿ ಇರಲಿ. ಹದಿನೈದು ದಿನ ಬಿಟ್ಟು ಅದೇ ಹಾಳೆ ಹಿಡಿದು ಉಲ್ಲೇಖ ಸಂಖ್ಯೆಗಳನ್ನು ಮತ್ತೆ ನೋಡಿ.